ಒಂದಂಗುಲದ ದಂಡು

ಪುಟ್ಟ ಗೊಂಬೆಗಳಿಗೆ ಬಣ್ಣ ಬಳಿದು ಮೇಜಿನ ಮೇಲೆ ಯುದ್ಧ ಆಡುವ ಹುಚ್ಚು ನನಗೆ. ಸೈನಿಕರನ್ನು ಮನೆಗೆ ತಂದವನು ಅವರ ಬೆನ್ನಿಗೇ ಬಡಗಿ, ದರ್ಜಿ, ಮಾಲಿ, ಇತಿಹಾಸದ ಮೇಷ್ಟ್ರು ಎಲ್ಲರನ್ನೂ ಸಾಕಬೇಕಾಗುತ್ತದೆ. ಅವರೆಲ್ಲ ನಾನೇ ಆದ್ದರಿಂದ ಊಟದ ಖರ್ಚು ಉಳಿದಿದೆ.

ಗೊಂಬೆಯ ಎತ್ತರ 28 ಮಿಲಿಮೀಟರ್. ಪ್ರೈಮರ್ ಹೊಡೆದು, ತೆಳುವಾಗಿ ಎರಡು ಕೋಟ್ ಬಳಿದು, ಮೇಲೆ ನೀರಾದ ಕಂದು ವಾಶ್ ಬಿಟ್ಟರೆ ಅದು ತಾನಾಗಿ ಬಟ್ಟೆಯ ನೆರಿಗೆಗಿಳಿದು ನೆರಳಾಗುತ್ತದೆ. ಅಲ್ಲಿಯವರೆಗೆ ಸುಖ. ಆಮೇಲೆ ಕಣ್ಣು. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿ, ಮೊಣಕೈ ಊರಿ, ಉಸಿರು ಬಿಗಿಹಿಡಿದು ಚುಕ್ಕೆ ಇಡುವ ಹೊತ್ತಿಗೆ ಸರಿಯಾಗಿ ಕುಕ್ಕರ್ ಕೂಗುತ್ತದೆ. ನನ್ನ ದಂಡಿನಲ್ಲಿ ಮೆಳ್ಳೆಗಣ್ಣಿನವರು ಹೆಚ್ಚಿರುವುದು ಕುಕ್ಕರಿನ ದೆಸೆಯಿಂದ. ಬಂದೂಕು ಹಿಡಿಯುವವರನ್ನೂ ಅವರಲ್ಲೇ ಆರಿಸಬೇಕು.

ಅವರು ನಿಲ್ಲಲು ನೆಲ ಬೇಕಲ್ಲ? ಫಿಲ್ಟರಿನ ಕಾಫಿ ಚರಟವನ್ನು ಒಣಗಿಸಿ ಫೆವಿಕಾಲ್ ಮೇಲೆ ಉದುರಿಸಿದರೆ ಅಪ್ಪಟ ಮಣ್ಣು. ಆದರೆ ಚರಟದ ಮೇಲೆ ಮೊದಲ ಹಕ್ಕು ಹೆಂಡತಿಯ ಗುಲಾಬಿ ಕುಂಡದ್ದು. “ನಿಮ್ಮವರು ನಿಂತರೆ ಸಾಕು, ನನ್ನದು ಹೂ ಬಿಡಬೇಕು” ಎಂದಳು. ಈಗ ದಿನ ಬಿಟ್ಟು ದಿನ ಎಂದು ಒಪ್ಪಂದವಾಗಿದೆ. ಪಕ್ಕದ ಮನೆಗೆ ಹೊಸ ಫ್ರಿಜ್ ಬಂದರೆ ಅವರಿಗಿಂತ ನನಗೇ ಸಂಭ್ರಮ. ಅದರ ಥರ್ಮಾಕೋಲಿನಲ್ಲಿ ಒಂದಾದರೂ ಬೆಟ್ಟ ಇರುತ್ತದೆ. ಸ್ಪ್ರೇ ಬಣ್ಣ ಮಾತ್ರ ಹೊಡೆಯಬಾರದು, ಬೆಟ್ಟವೇ ಕರಗಿ ಕೂರುತ್ತದೆ.

ವಾರ್‌ಹ್ಯಾಮರ್ 40,000 ಆಟದಲ್ಲಿ ಒಂದು ಅನುಕೂಲವಿದೆ. ಕತೆ ನಡೆಯುವುದು ಸುಮಾರು 38,000 ವರ್ಷಗಳ ಆಚೆ. ಅಂಗಿಯ ಬಣ್ಣ ಸರಿಯಿಲ್ಲವೆಂದು ಜಗಳಕ್ಕೆ ಬರುವವರಿಲ್ಲ. ಇತಿಹಾಸಕ್ಕೆ ಕೈಹಾಕಿದಿರೋ, ಮುಗಿಯಿತು. ಟಿಪ್ಪುವಿನ ಪದಾತಿಗಳನ್ನು ಮಾಡಹೊರಟೆ. ಅವರ ಅಂಗಿಯ ತುಂಬ ಬಬ್ರಿ ಎನ್ನುವ ಹುಲಿಪಟ್ಟೆ; ಒಂದಂಗುಲದವನ ತೋಳಿಗೆ ಅದನ್ನು ಬಿಡಿಸುವುದೆಂದರೆ ಅಕ್ಕಿಕಾಳಿನ ಮೇಲೆ ರಂಗೋಲಿ. ಪಟ್ಟೆ ಹುಡುಕಲು ತೆರೆದ ಪುಸ್ತಕ ನನ್ನನ್ನು ರಾಕೆಟ್ಟಿಗೆ ಎಳೆದೊಯ್ದಿತು: ಕಬ್ಬಿಣದ ಕೊಳವೆ, ಅದಕ್ಕೆ ಕಟ್ಟಿದ ಬಿದಿರ ಗಳು. ಅಲ್ಲಿಂದ 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆ ತೋಪಿನ ಕತ್ತಲಲ್ಲಿ ದಿಕ್ಕುಗೆಟ್ಟ ಕರ್ನಲ್ ವೆಲ್ಲೆಸ್ಲಿಯ ಬೆನ್ನು ಹತ್ತಿದೆ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೂ ಇವನೇ. ಒಂದು ಭಾನುವಾರ ಶ್ರೀರಂಗಪಟ್ಟಣಕ್ಕೂ ಹೋಗಿ ಬಂದದ್ದಾಯಿತು. ಪಟ್ಟೆ ಮಾತ್ರ ಇನ್ನೂ ಬಾಕಿ.

ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎನ್ನುವವರ ಮುಂದೆ ಎಚ್.ಜಿ. ವೆಲ್ಸ್‌ನನ್ನು ತಂದು ನಿಲ್ಲಿಸುತ್ತೇನೆ. ಕಾಲಯಂತ್ರದ ಕತೆ ಬರೆದ ಆ ಮಹಾಶಯ 1913ರಲ್ಲಿ ‘ಲಿಟಲ್ ವಾರ್ಸ್’ ಬರೆದು, ಸ್ಪ್ರಿಂಗ್ ಫಿರಂಗಿಯಿಂದ ಆಟಿಕೆ ಸೈನಿಕರನ್ನು ಉರುಳಿಸುವ ಆಟಕ್ಕೆ ನಿಯಮ ಕಟ್ಟಿಕೊಟ್ಟ. ಶೀರ್ಷಿಕೆಯ ಬಾಲದಲ್ಲೇ ಆಡುವವರ ವಯಸ್ಸಿನ ಮಿತಿಯನ್ನು 150ಕ್ಕೆ ಏರಿಸಿದ್ದಾನೆ. ನನಗಿನ್ನೂ ಸಮಯವಿದೆ.

ಆಟವೇ? ಬಿಡುವಾದರೆ ಅದನ್ನೂ ಆಡುತ್ತೇವೆ. ಮೊನ್ನೆ ಗೆಳೆಯ ಬಂದಿದ್ದ. ಅಳತೆ ಟೇಪು ಹಿಡಿದು, ಇವನು ಇಷ್ಟು ದೂರ ನಡೆಯಬಹುದು, ಗುಂಡು ಅಲ್ಲಿಗೆ ತಲುಪುವುದಿಲ್ಲ ಎಂದು ವಾದಿಸುವುದರಲ್ಲೇ ಕಾಫಿ ಆರಿತು. ಅವನ ಪಡೆಗೆ ಬಣ್ಣದ ಸೋಂಕೇ ಇಲ್ಲ. ಎಲ್ಲ ಬೂದು ಪ್ಲಾಸ್ಟಿಕ್. ಒಬ್ಬನಿಗಂತೂ ಎಡಗೈಯನ್ನೇ ಅಂಟಿಸಿರಲಿಲ್ಲ. ನನ್ನ ಬಾವುಟದವನು ಮುಂಚೂಣಿಯಲ್ಲಿದ್ದ, ಅಂಗಿಯ ಗುಂಡಿಗಳಿಗೂ ಚಿನ್ನದ ಬಣ್ಣ ಹಚ್ಚಿಸಿಕೊಂಡು. ಮೊದಲ ದಾಳಕ್ಕೇ ಆ ಒಂಟಿಕೈಯವನು ಅವನನ್ನು ಮಲಗಿಸಿದ. ಹೊಸದಾಗಿ ಬಣ್ಣ ಕಂಡವನೇ ಮೊದಲು ಸಾಯುತ್ತಾನೆ ಎಂಬುದು ನಮ್ಮ ಮಂದಿಯ ಹಳೆಯ ನಂಬಿಕೆ.

ಗೆಳೆಯ ಹೆಣವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. “ಏನ್ ಚೆನ್ನಾಗಿ ಹಚ್ಚಿದೀಯೋ! ನನ್ನವರಿಗೂ ಹೀಗೇ ಹಚ್ಚಿಕೊಡು” ಎಂದ. ತಕ್ಷಣ ಒಪ್ಪಿಕೊಂಡೆ. ಅವನೂ ಸೋಲಲಿ.