ಶಾಲು ಇರುವಾಗ ಚಪ್ಪಡಿ ಯಾಕೆ?

ನಮ್ಮ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಹಿರಿಯರಿಗೆ ಗೌರವದ ಕೊರತೆ ಎಂದವರ ಬಾಯಿಗೆ ಸಕ್ಕರೆ ಹಾಕಬೇಡಿ. ಪ್ರತಿ ಅಕ್ಟೋಬರ್ 1ರಂದು, ಹಿರಿಯ ನಾಗರಿಕರ ದಿನಕ್ಕೆ, ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ ತಪ್ಪಿದ್ದಿಲ್ಲ. ಸಕ್ಕರೆ ಕಾಯಿಲೆಯವರಿಗೂ ಮೈಸೂರುಪಾಕಿನ ಡಬ್ಬ ಉಂಟು. ಗೌರವದ ದೊಡ್ಡ ಗುಣವೆಂದರೆ ಅದಕ್ಕೆ ಟೆಂಡರ್ ಕರೆಯಬೇಕಾಗಿಲ್ಲ.

ಶಾಲು ಮಡಿಸಿಡುವಷ್ಟರಲ್ಲಿ ನವೆಂಬರ್ ಬರುತ್ತದೆ. ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆಂದು ಸಾಬೀತುಪಡಿಸುವ ತಿಂಗಳು. 2014ರಲ್ಲಿ ‘ಜೀವನ್ ಪ್ರಮಾಣ್’ ಬಂದ ಮೇಲೆ ಕೆಲಸ ಸಲೀಸು, ಯಂತ್ರದ ಮೇಲೆ ಬೆರಳಿಟ್ಟರಾಯಿತು. ಜೀವಮಾನವಿಡೀ ಪಾತ್ರೆ ತಿಕ್ಕಿ ಗೆರೆ ಸವೆದ ಬೆರಳನ್ನು ಯಂತ್ರ ಒಪ್ಪದಿದ್ದರೆ ಮೊಬೈಲಿಗೆ ಮುಖ ತೋರಿಸಿ ಕಣ್ಣು ಮಿಟುಕಿಸಬೇಕು. ಹೀಗೆ ಮಡಿವಂತ ಮನೆತನಗಳ ಅಜ್ಜಿಯಂದಿರು ಎಂಬತ್ತರ ಮೇಲೆ ಮೊದಲ ಬಾರಿ ಕಣ್ಣು ಹೊಡೆಯುತ್ತಿರುವುದು ಸರ್ಕಾರಕ್ಕೆ.

ಬಡವರಾದರೆ ಗೌರವ ಇನ್ನೂ ಗಾಢ. ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು ಎಂಬತ್ತು ತುಂಬುವವರೆಗೆ ತಿಂಗಳಿಗೆ 200 ರೂಪಾಯಿ. 2007ರಲ್ಲೂ ಅಷ್ಟೇ ಇತ್ತು. ಅಕ್ಕಿ, ಬೇಳೆ, ಬಿಪಿ ಮಾತ್ರೆ ಎಲ್ಲವೂ ಮಾತು ತಪ್ಪಿರುವ ಕಾಲದಲ್ಲಿ ಕೊಟ್ಟ ಮಾತಿಗೆ ಅಂಟಿಕೊಂಡಿರುವುದು ಈ ಇನ್ನೂರು ಮಾತ್ರ. ರಾಜ್ಯ ಸರ್ಕಾರ ಕೈಯಿಂದ ಹಾಕಿ ಅರವತ್ತೈದು ದಾಟಿದವರಿಗೆ ಅದನ್ನು 1,200 ಮಾಡುತ್ತದೆ. ಅಂದರೆ ದಿನಕ್ಕೆ ನಲವತ್ತು. ಗಾಂಧಿಬಜಾರಿನಲ್ಲಿ ಒಂದು ಕಾಫಿ ಕುಡಿದು, ಮೆಡಿಕಲ್ ಶಾಪನ್ನು ಹೊರಗಿನಿಂದ ನೋಡಿಕೊಂಡು ಬರಬಹುದು.

ಮಕ್ಕಳು ನೋಡಿಕೊಳ್ಳದಿದ್ದರೆ? ಅದಕ್ಕೂ 2007ರ ಕಾಯ್ದೆಯಿದೆ. ಅರ್ಜಿ ಕೊಟ್ಟರೆ ನ್ಯಾಯಮಂಡಳಿ ಜೀವನಾಂಶ ಕೊಡಿಸುತ್ತದೆ, ತಿಂಗಳಿಗೆ 10,000 ಮೀರದಂತೆ. ಪ್ಲೇಗಿನ ನಂತರ ಹುಟ್ಟಿದ ಮಲ್ಲೇಶ್ವರದ ಸೈಟಿಗೆ ಇಂದು ಕೋಟಿಗಳ ಬೆಲೆ. ಅದನ್ನು ಮಾರದೆ ಕಾಪಾಡಿದ ತಾಯಿಗೆ ಮಾತ್ರ ಗರಿಷ್ಠ ಮಿತಿ. ಇನ್ನು ನಗರದ ಪೊಲೀಸರು ನೈಟಿಂಗೇಲ್ಸ್ ಸಂಸ್ಥೆಯೊಡನೆ ಸೇರಿ ಹಿರಿಯರಿಗೆಂದೇ 1090 ಸಹಾಯವಾಣಿ ತೆರೆದದ್ದು 2002ರಲ್ಲಿ. ಗೌರವ ತುಂಬಿ ತುಳುಕುವ ಮನೆಗಳಿಗೆ ಪೊಲೀಸರು ಯಾಕೆ ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆ ವೇದಿಕೆಗೆ ಶೋಭಿಸುವುದಿಲ್ಲ.

ಮಾಸ್ತಿಯವರಿಗೆ ಜ್ಞಾನಪೀಠ ಬಂದದ್ದು 1983ರಲ್ಲಿ, ತೊಂಬತ್ತೆರಡರ ವಯಸ್ಸಿನಲ್ಲಿ. ಇಳಿವಯಸ್ಸಿನಲ್ಲೂ ಅವರು ಗವಿಪುರದ ಮನೆಯಿಂದ ಕೊಡೆ ಹಿಡಿದು ಬಸವನಗುಡಿ ಕ್ಲಬ್ಬಿಗೆ ನಡೆದು ಹೋಗುತ್ತಿದ್ದರು. ಊರು ಅವರಿಗೆ ಮಾಡಿದ ದೊಡ್ಡ ಸನ್ಮಾನ ಅದೇ: ನಡೆಯಲು ದಾರಿ, ತಲುಪಿದರೆ ಇಸ್ಪೀಟಿಗೆ ಜೊತೆ. ಈಗ ಅದೇ ವಯಸ್ಸಿನವರು ಹೊರಟರೆ ಬಾಯ್ದೆರೆದ ಚಪ್ಪಡಿ, ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಸ್ಕೂಟರು ಎಲ್ಲವೂ ಎದ್ದು ಬಂದು ಕಾಲಿಗೆ ಬೀಳುತ್ತವೆ. ಎರಡು ಅಡ್ಡರಸ್ತೆ ದಾಟುವುದರೊಳಗೆ ಸೊಂಟ ಮುರಿದು, ಆ ಮೇಲೆ ಮನೆಯೇ ಜಗತ್ತು. ‘ಅಪ್ಪ ಈಗೀಗ ಎಲ್ಲೂ ಹೊರಗೆ ಬರಲ್ಲ, ಮಂಕಾಗಿದ್ದಾರೆ’ ಎಂದು ನ್ಯೂಜೆರ್ಸಿಯ ಮಗ ವಿಡಿಯೋ ಕಾಲಿನಲ್ಲಿ ಚಿಂತಿಸುತ್ತಾನೆ. ಅವರಿಗೆ ಧ್ಯಾನದ ಆ್ಯಪ್ ಕಳಿಸುತ್ತಾನೆ.

ಆದ್ದರಿಂದ ಮುಂದಿನ ಅಕ್ಟೋಬರ್ 1ಕ್ಕೆ ಒಂದು ವಿನಮ್ರ ಸಲಹೆ. ಸಮಾರಂಭ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನಲ್ಲೇ ನಡೆಯಲಿ. ಆದರೆ ಮುಖ್ಯ ಅತಿಥಿಗಳು ಉಮಾ ಟಾಕೀಸ್ ಬಳಿ ಕಾರಿನಿಂದ ಇಳಿಯಲಿ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ತರಕಾರಿ ಚೀಲ, ಕಣ್ಣಿಗೆ ಪೊರೆ ಬಂದವರ ಕನ್ನಡಕ. ಹಿಂಬಾಲಕರಿಲ್ಲದೆ, ಫುಟ್‌ಪಾತಿನ ಮೇಲೆಯೇ ನಡೆದು ಬರಲಿ. ದಾರಿಯಲ್ಲಿ ಬಿದ್ದವರಿಗೆ ನಾವು ಹಿರಿಯರೇ ಹೋಗಿ ಶಾಲು ಹೊದಿಸುತ್ತೇವೆ. ಮನೆಯಲ್ಲಿ ಬೇಕಾದಷ್ಟಿವೆ.