ಪುಸ್ತಕ–ಸಿನಿಮಾ ಕೂಟದ ಸದಸ್ಯ ಲಕ್ಷಣ

ಇನ್ನು ಸದಸ್ಯ ಲಕ್ಷಣವು ಹೇಳಲ್ಪಡುವುದು. ಶಾಖಾ ಗ್ರಂಥಾಲಯದ ವಾಚನ ಕೊಠಡಿಯಲ್ಲಿ ತಿಂಗಳಿಗೊಮ್ಮೆ ಸೇರಿ, ಸಿನಿಮಾ ಆದ ಕನ್ನಡ ಕಾದಂಬರಿಯೊಂದನ್ನು ಹಿಡಿದು ಜಗ್ಗಾಡುವ ವಯಸ್ಕರೇ ಈ ಶಾಸ್ತ್ರದ ವಿಷಯ. ಪುಸ್ತಕ ಮೇಲೆನ್ನುವವರು, ಸಿನಿಮಾ ಮೇಲೆನ್ನುವವರು ಎಂದು ಇವರನ್ನು ಎರಡೇ ಬಗೆ ಮಾಡಬೇಕೆಂಬುದು ಪೂರ್ವಪಕ್ಷ. ಅದು ಸಲ್ಲದು. ಯಾವುದು ಮೊದಲು ಕಣ್ಣಿಗೆ ಬಿತ್ತೋ ಅದೇ ಮೇಲು. ಕಾರಣಗಳನ್ನು ಆಮೇಲೆ ಹುಡುಕಿಕೊಳ್ಳುತ್ತಾರೆ. ಇದು ಸಿದ್ಧಾಂತ.

ಮೊದಲನೆಯವರು ಗ್ರಂಥನಿಷ್ಠರು. ಇವರ ಬ್ರಹ್ಮಾಸ್ತ್ರ ‘ನಾಗರಹಾವು’. ತರಾಸು ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಈ ಮೂರನ್ನೂ ಪುಟ್ಟಣ್ಣ ಕಣಗಾಲ್ 1972ರಲ್ಲಿ ಒಂದೇ ಚಿತ್ರಕ್ಕಿಳಿಸಿದರು. ಪುಟ್ಟಣ್ಣ ತೆಗೆದದ್ದು ನಾಗರಹಾವಲ್ಲ, ಕೇರೆಹಾವು ಎಂದು ತರಾಸು ಸಿಡುಕಿದರೆಂಬ ಪ್ರತೀತಿ ಗ್ರಂಥನಿಷ್ಠರಿಗೆ ವೇದವಾಕ್ಯ. ಆ ತಿಂಗಳ ಪುಸ್ತಕ ಯಾವುದೇ ಇರಲಿ, ಕೇರೆಹಾವು ಒಮ್ಮೆ ಹರಿದುಹೋಗಲೇಬೇಕು.

ಎರಡನೆಯವರು ಮುಖಗ್ರಸ್ತರು, ಎಂದರೆ ಸಿನಿಮಾ ಮೊದಲು ನೋಡಿದವರು. ‘ಸಂಸ್ಕಾರ’ ಕಾದಂಬರಿ ಬಂದದ್ದು 1965ರಲ್ಲಿ. 1970ರ ಚಿತ್ರದ ನಂತರ ಪ್ರಾಣೇಶಾಚಾರ್ಯರಿಗೆ ಇವರ ಪಾಲಿಗೆ ಗಿರೀಶ ಕಾರ್ನಾಡರ ಮುಖವೇ. ‘ನಾಗರಹಾವಿ’ನ ಚಾಮಯ್ಯ ಮೇಷ್ಟ್ರು ಪುಟದಲ್ಲಿ ಬಾಯಿ ತೆರೆದರೆ ಅಶ್ವತ್ಥರ ದನಿ. ಮದ್ದಿಲ್ಲದ ರೋಗ. ಈ ಶಾಸ್ತ್ರಕಾರನಿಗೂ ಅದು ತಗಲಿದೆ.

ಇವರಲ್ಲೇ ಒಂದು ಉಪಜಾತಿ ಥಿಯೇಟರ್ ಸಾಕ್ಷಿಗಳದು. ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್‌ನಲ್ಲಿ ಎರಡು ವರ್ಷ ಓಡಿತಷ್ಟೆ. ಇವರೆಲ್ಲರೂ ಅದನ್ನು ಮೊದಲ ದಿನ, ಮೊದಲ ಆಟದಲ್ಲೇ ನೋಡಿದವರು. ಮಿಕ್ಕ ಎರಡು ವರ್ಷ ಯಾರು ನೋಡಿದರೋ ತಿಳಿಯದು. ಅದು ಟಿ.ಕೆ. ರಾಮರಾಯರ ಕಾದಂಬರಿ ಎಂದರೆ ಮಾತ್ರ “ಹೌದೇ?” ಎನ್ನುತ್ತಾರೆ.

ಕಾರಂತಭ್ರಾಂತರದು ಬೇರೆಯೇ ಕುಲ. 1933ರಲ್ಲಿ ‘ಚೋಮನ ದುಡಿ’ ಬರೆದವರು ಶಿವರಾಮ ಕಾರಂತರು. 1975ರಲ್ಲಿ ಅದನ್ನು ಚಿತ್ರ ಮಾಡಿದವರು ಬಿ.ವಿ. ಕಾರಂತರು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು ತೆರೆಗೆ ತಂದವರು ಪ್ರೇಮಾ ಕಾರಂತ, ಬಿ.ವಿ.ಯವರ ಪತ್ನಿ. ಈ ಗಂಟು ಬಿಡಿಸುವಷ್ಟರಲ್ಲಿ ಕಾಫಿ ಬಂದು, ಆರಿ, ಮುಗಿದಿರುತ್ತದೆ.

ಲಘುಪಾಠಿಗಳು ತೇಜಸ್ವಿಯವರ ‘ತಬರನ ಕಥೆ’ಯಂಥ ಸಣ್ಣ ಕಥೆಗೆ ಮಾತ್ರ ಕೈಯೆತ್ತುವರು, ‘ವಂಶವೃಕ್ಷ’ ಎಂದರೆ ಮೊಬೈಲ್ ನೋಡುವರು. ಉಭಯಶೂನ್ಯರು ಓದಿರುವುದಿಲ್ಲ, ನೋಡಿರುವುದೂ ಇಲ್ಲ. ಹೆಚ್ಚು ಹೊತ್ತು ಮಾತಾಡುವವರು ಅವರೇ. ಅವರನ್ನು ಬಿಟ್ಟರೆ ಸಭೆ ಕಾಲು ಗಂಟೆಗೆ ಮುಗಿದೀತು.

ಉಭಯವೇದಿಗಳು ಅತಿ ವಿರಳ. ನಮ್ಮ ಕೂಟದಲ್ಲಿರುವುದು ಒಬ್ಬರೇ, ನಿವೃತ್ತ ಟೀಚರಮ್ಮ. ಯಾವುದು ಮೇಲೆಂದು ಅವರು ಬಾಯಿಬಿಡುವುದಿಲ್ಲ. ‘ಚೋಮನ ದುಡಿ’ಯ ದಿನ ಇಷ್ಟು ಕೇಳಿದರು: “ಪುಸ್ತಕದಲ್ಲಿ ಚೋಮನ ದುಡಿಯನ್ನು ನಾವೇ ಮನಸ್ಸಿನಲ್ಲಿ ಬಾರಿಸಿಕೊಳ್ಳಬೇಕು, ಸಿನಿಮಾದಲ್ಲಿ ಅದು ತಾನಾಗಿ ಕೇಳಿಸುತ್ತದೆ. ಅವನ ಸಂಕಟ ನಿಮಗೆ ಹೆಚ್ಚು ತಟ್ಟಿದ್ದು ಎಲ್ಲಿ?” ಗ್ರಂಥನಿಷ್ಠರು ಕನ್ನಡಕ ಒರೆಸಿದರು, ಮುಖಗ್ರಸ್ತರು ಸೂರು ನೋಡಿದರು. ಉಭಯಶೂನ್ಯರೂ ಸುಮ್ಮನಾದದ್ದು ಕೂಟದ ಚರಿತ್ರೆಯಲ್ಲಿ ಅದೊಂದೇ ಸಲ.

ಮುಂದಿನ ತಿಂಗಳು ‘ಫಣಿಯಮ್ಮ’. ಗ್ರಂಥಾಲಯದ ಪ್ರತಿಯನ್ನು ಮನೆಯಲ್ಲಿಟ್ಟುಕೊಂಡು ಕೂತಿರುವ ಮಹನೀಯರು, ಯಾವ ಜಾತಿಯವರೇ ಆಗಲಿ, ದಯವಿಟ್ಟು ಬೇಗ ತಂದುಕೊಡಿ.