ಕಿಟಕಿ ಸೀಟು ಬೆಳಕಿಗೆ

ನೀವು ಪುಣ್ಯವಂತರು ಬಿಡಿ ರಾಯರೇ. ನಿಮ್ಮ ಮನೆಯವರು ಸಂಜೆ ಧಾರಾವಾಹಿ ನೋಡ್ತಾರೆ, ಅದು ಮುಗಿದರೆ ಟೀವಿ ಆರಿಸಿ ಊಟಕ್ಕೆ ಬಡಿಸ್ತಾರೆ. ನಮ್ಮನೇದು ಹಾಗಲ್ಲ. ಒಲೆ ಮೇಲೆ ಹಾಲಿಟ್ಟು ಇವಳು ಕಾದಂಬರಿ ಕೈಗೆತ್ತಿಕೊಂಡಳೋ, ಹಾಲು ಉಕ್ಕಿ, ಒಲೆ ಆರಿ, ಕಟ್ಟೆ ಮೇಲೆ ಹರಿದು ನೆಲಕ್ಕಿಳಿದು ನಾನು ಕೂಗೋವರೆಗೂ ಇವಳು ಇಲ್ಲಿರೋದಿಲ್ಲ. ಕೂಗಿದರೆ ಏನಂತಾಳೆ ಗೊತ್ತಾ? 'ಇನ್ನೊಂದೇ ಪುಟ ಇರೀಂದ್ರೆ.' ಆ ಒಂದು ಪುಟದ ಉದ್ದ ಇವತ್ತಿಗೂ ನನಗೆ ತಿಳಿದಿಲ್ಲ.

ನಾನಾ? ನನಗೆಲ್ಲಿ ಓದೋ ಚಟ. ಬೆಳಗ್ಗೆ ಪೇಪರು, ಅದೂ ಕೊನೇ ಪುಟದ ಕ್ರಿಕೆಟ್ಟು, ಅಷ್ಟೇ.

ಇದು ತವರಿಂದ ಬಂದದ್ದು. ನಮ್ಮತ್ತೆ ವಾರಪತ್ರಿಕೆಗಳಲ್ಲಿ ಬರ್ತಿದ್ದ ಧಾರಾವಾಹಿ ಕಾದಂಬರಿಗಳನ್ನ ವಾರವಾರವೂ ಹರಿದಿಟ್ಟು, ಮುಗಿದ ಮೇಲೆ ದಬ್ಬಣದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿ ಪುಸ್ತಕ ಮಾಡೋರು. ಮದುವೇಲಿ ಪಾತ್ರೆಗಳ ಜೊತೆ ಅಂಥವು ಒಂದು ಟ್ರಂಕು ಬಂತು. ನಡುನಡುವೆ ಒಂದೊಂದು ಕಂತು ಇಲ್ಲ, ಆ ವಾರ ಯಾರೋ ನೆಂಟರು ಪತ್ರಿಕೆ ಎತ್ಕೊಂಡು ಹೋಗಿದ್ದರಂತೆ. ನಾಯಕಿ ಒಂದು ಪುಟದಲ್ಲಿ ಕಾಲೇಜಿಗೆ ಸೇರ್ತಾಳೆ, ಮುಂದಿನ ಪುಟದಲ್ಲಿ ಬಾಣಂತಿ. ಇವಳಿಗೆ ಅದರಿಂದ ತೊಂದರೆಯೇ ಇಲ್ಲ, ನಡುವಿನದ್ದನ್ನ ತಾನೇ ಕಟ್ಕೊಂಡಿದಾಳೆ. ಒಮ್ಮೆ ಲೈಬ್ರರೀಲಿ ಆ ಕಾದಂಬರಿ ಪೂರ್ತಿ ಸಿಕ್ಕಿತು. ಓದಿ ಮುಗಿಸಿ, 'ನಂದೇ ಚೆನ್ನಾಗಿತ್ತು' ಅಂದಳು.

ಲೈಬ್ರರಿ ಅಂದ್ನಲ್ಲ, ಅದೊಂದು ಲೆಕ್ಕ ಕೇಳಿ. ನಾವು ಕಟ್ಟೋ ಮನೆ ಕಂದಾಯದ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಅಂತ ಸೇರಿಸ್ತಾರಲ್ಲ, 1965ರ ಕಾಯ್ದೆ ಕಾಲದಿಂದ ಬಂದದ್ದು. ಆ ರಶೀದಿ ಹಿಡ್ಕೊಂಡು, 'ಕಟ್ಟಿದ್ದು ವಸೂಲಾಗಬೇಡವೇ' ಅಂತ ಹೊರಡ್ತಾಳೆ. ನನಗನ್ನಿಸೋ ಹಾಗೆ ನಮ್ಮ ಬೀದಿಯವರೆಲ್ಲರ ಕರಾನೂ ಇವಳೊಬ್ಬಳೇ ವಸೂಲು ಮಾಡ್ತಿದಾಳೆ.

ಮನೇಲಿ ಜಾಗ ಎಲ್ಲಿದೆ ಸ್ವಾಮಿ? ಬೀರು ತೆಗೆದರೆ ನುಸಿಗುಳಿಗೆ ವಾಸನೆ, ಬೇವಿನೆಲೆ, ನಡುವೆ ಕಾರಂತರು, ತ್ರಿವೇಣಿ, ತೇಜಸ್ವಿ. ನನ್ನ ಪಂಚೆಗಳು ಮಾತ್ರ ಕುರ್ಚಿ ಬೆನ್ನಿನ ಮೇಲೆ. ಒಂದು ಸಲ ಗಟ್ಟಿಯಾಗಿಯೇ ಆಕ್ಷೇಪಣೆ ಎತ್ತಿದೆ. ಮಾತಾಡದೆ ಬಸ್ಸು ಹತ್ತಿಸಿ ಪಾಂಡವಪುರದ ಹತ್ತಿರ ಹರಳಹಳ್ಳಿಗೆ ಕರ್ಕೊಂಡು ಹೋದಳು. ಅಂಕೇಗೌಡರ ಪುಸ್ತಕ ಮನೆ ಕೇಳಿದ್ದೀರಲ್ಲ? ಬಸ್ ಕಂಡಕ್ಟರಾಗಿದ್ದು, ಆಮೇಲೆ ಸಕ್ಕರೆ ಕಾರ್ಖಾನೇಲಿ ದುಡಿದು, ಸಂಪಾದಿಸಿದ್ದನ್ನೆಲ್ಲ ಪುಸ್ತಕಕ್ಕೇ ಸುರಿದೋರು. ಅಲ್ಲಿರೋದು ಲಕ್ಷಗಟ್ಟಲೆ. ಕಪಾಟಲ್ಲಿ, ನೆಲದಲ್ಲಿ, ಮೂಟೇಲಿ, ಎಲ್ಲಿ ನೋಡಿದರೂ ಅದೇ. ಇವಳು ನನ್ನ ಮುಖ ನೋಡಿ, 'ನಾನು ಬೀರು ದಾಟಿಲ್ಲ' ಅಂದಳು. ಅವತ್ತಿಂದ ನಾನು ಪಂಚೆ ವಿಷಯ ಎತ್ತಿಲ್ಲ.

ಪ್ರಯಾಣದ್ದು ಇನ್ನೊಂದು ಕತೆ. ಮಗಳ ಮನೆಗೆ ದಿಲ್ಲಿಗೆ ವಿಮಾನದಲ್ಲಿ ಹೊರಟಿದ್ವಿ. ಸೂಟ್‌ಕೇಸು 15 ಕಿಲೋ ದಾಟಿತು ಅಂತ ತೆಗೆದು ನೋಡಿದರೆ ತಳದಲ್ಲಿ 'ಪರ್ವ'. ಭೈರಪ್ಪನವರು ತೂಕದ ಲೇಖಕರು, ಒಪ್ಪಿದೆ, ಆದರೆ ಮನೆಗೆ ಬಂದ ಮೇಲೆ ಓದಬಹುದಲ್ಲ? ಕೊನೆಗೆ ಹೊರಗೆ ಬಂದದ್ದು ಮಗಳು ಕೇಳಿದ್ದ ಹುಳಿಪುಡಿ. ದಿಲ್ಲೀಲಿ ಹದಿನೈದು ದಿನ ನಾನೇ ಮೆಣಸಿನಕಾಯಿ ಹುರಿದೆ.

ಮಂಗಳೂರಿನ ಹಗಲು ರೈಲಿನದ್ದು ಹೇಳ್ತೀನಿ, ಕೇಳಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ 55 ಕಿಲೋಮೀಟರ್ ಘಾಟಿ, ಅದರಲ್ಲಿ 57 ಸುರಂಗ. ಜನ ಆ ಕಾಡು ನೋಡೋಕೇ ತಿಂಗಳ ಮುಂಚೆ ಟಿಕೆಟ್ ಮಾಡಿಸ್ತಾರೆ. ಇವಳೂ ಜಗಳ ಮಾಡಿ ಕಿಟಕಿ ಸೀಟು ತಗೊಂಡಳು. ನೋಡೋಕಲ್ಲ ರಾಯರೇ, ಬೆಳಕಿಗೆ! ಹೊರಗೆ ಎಡಕುಮೇರಿಯ ಮಳೆಗಾಡು, ಜಲಪಾತ, ಬೋಗಿಯವರೆಲ್ಲ ಬಾಗಿಲಿಗೆ ಓಡಿ ಹೋ ಅಂತ ಕೂಗ್ತಿದಾರೆ. ಇವಳು ತಲೆ ಬಗ್ಗಿಸಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದ್ತಿದಾಳೆ. 'ಅದರಲ್ಲಿರೋ ಮಲೆನಾಡು ಇಲ್ಲೇ ಇದೆ, ತಲೆ ಎತ್ತೇ' ಅಂದೆ. 'ಇದು ರೈಲು, ಅಲ್ಲಿ ನಡ್ಕೊಂಡು ಹೋಗ್ತಿದಾರೆ, ಚೆನ್ನಾಗಿ ಕಾಣುತ್ತೆ' ಅಂದಳು. ಇದಕ್ಕೇನು ಹೇಳೋಣ?

ಸುರಂಗ ಬಂದಾಗ ಮಾತ್ರ ಸಿಟ್ಟು. ಯಾರೋ ಮಕ್ಕಳಿಗೆ ಮಜಾ ಬರಲಿ ಅಂತ ಬೋಗಿಯ ದೀಪ ಆರಿಸಿದ್ದರು. ಪುಟದೊಳಗೆ ಬೆರಳಿಟ್ಕೊಂಡು ಕತ್ತಲಲ್ಲಿ ಗೊಣಗೋಳು. ಹತ್ತನೇ ಸುರಂಗದ ಹೊತ್ತಿಗೆ ಎದುರು ಸೀಟಿನ ಪುತ್ತೂರಿನ ಹೆಂಗಸು, 'ಎಂಥ ಕತೆ ಅಕ್ಕ ಅದು?' ಅಂತ ಕೇಳಿದರು. ಆಯ್ತಲ್ಲ! ಬೆಳಕಿದ್ದಾಗ ಓದೋದು, ಕತ್ತಲಾದಾಗ ಅವರಿಗೆ ಹೇಳೋದು. ಸುಬ್ರಹ್ಮಣ್ಯ ಬರೋ ಹೊತ್ತಿಗೆ ಬೋಗೀಲಿ ಅರ್ಧ ಜನ ಸುರಂಗ ಮುಗಿದದ್ದಕ್ಕೆ ಪೇಚಾಡ್ಕೊಂಡರು. ಘಾಟಿ ರಸ್ತೇಲಿ ಬಸ್ಸಲ್ಲಿ ಓದಿದರೆ ತಲೆ ಸುತ್ತುತ್ತೆ, ಅಲ್ಲಾದರೂ ಸುಮ್ಮನಿರ್ತಾಳೆ ಅಂದ್ಕೋಬೇಡಿ. ಆಗುಂಬೆಯ 14 ತಿರುವಲ್ಲೂ ನಿಂಬೆಹಣ್ಣು ಮೂಸ್ತಾ ಓದಿದಾಳೆ.

ವರ್ಷಕ್ಕೊಂದು ಸಲ ಇವಳು ಪೂರ್ತಿ ನಮ್ಮ ಮನೇಲಿರ್ತಾಳೆ, ಅದೂ ನವರಾತ್ರೀಲಿ. ಮೂಲಾ ನಕ್ಷತ್ರದ ದಿನ ಸರಸ್ವತಿ ಪೂಜೆಗೆ ಪುಸ್ತಕ ಇಟ್ಟರೆ, ಶ್ರವಣದಲ್ಲಿ ವಿಸರ್ಜನೆ ಆಗೋವರೆಗೆ ಓದೋ ಹಾಗಿಲ್ಲ. ಆ ದಿನಗಳು ಇವಳ ಕಣ್ಣಿಗೆ ಎಲ್ಲ ಕಾಣುತ್ತೆ ರಾಯರೇ! ಸೂರಿನ ಜೇಡರ ಬಲೆ, ನನ್ನ ಬನಿಯನ್ನಿನ ತೂತು, ನಾನು ಎರಡನೇ ಸಲ ಕಾಫಿಗೆ ಸಕ್ಕರೆ ಹಾಕ್ಕೊಂಡದ್ದು. ಕೈ ಸುಮ್ಮನಿರದೆ ಪೌಡರ್ ಡಬ್ಬ, ಕಡಲೆಪುರಿ ಪೊಟ್ಟಣ, ಔಷಧಿ ಚೀಟಿ ಎಲ್ಲ ಓದ್ತಾಳೆ. ಪಂಚಾಂಗ ಎರಡು ಸಲ ಮುಗಿಸಿದಾಳೆ, 'ಅದು ಪುಸ್ತಕ ಅಲ್ಲ, ಶಾಸ್ತ್ರ' ಅಂತೆ. ಹೋದ ವರ್ಷ ನನಗೆ ಗುಟ್ಟು ಗೊತ್ತಾಯ್ತು: ಓದಿ ಮುಗಿಸಿದ್ದನ್ನ ಮಾತ್ರ ಪೂಜೆಗೆ ಇಡ್ತಾಳೆ, ಓದ್ತಿರೋದು ಅಕ್ಕಿ ಡಬ್ಬದ ಹಿಂದೆ. ಕಂಡೂ ಕಾಣದ ಹಾಗೆ ಇದ್ದುಬಿಟ್ಟೆ. ಬನಿಯನ್ನಿನ ತೂತಿಗಿಂತ ಅದೇ ವಾಸಿ.

ಹ್ಞಾಂ, ಬಂದ ವಿಷಯವೇ ಮರೆತೆ. ಹೋದ ವಾರ ಇವಳು ನಿಮ್ಮ ಮನೆಯವರಿಗೆ ಎನ್. ನರಸಿಂಹಯ್ಯನವರ ಹಳೇ ಪತ್ತೇದಾರಿ ಕಾದಂಬರಿ ಒಂದು ಕೊಟ್ಟಳಂತೆ, ಆ ಪತ್ತೇದಾರ ಪುರುಷೋತ್ತಮ ಬರ್ತಾನಲ್ಲ, ಅಂಥದ್ದು. ಅವರದ್ದು ಆಗಿದ್ದರೆ ಕೊಡ್ತೀರಾ? ಇಲ್ಲ ಇಲ್ಲ, ಇವಳು ಕಳಿಸಿದ್ದಲ್ಲ. ಅದನ್ನ ನನ್ನ ದಿಂಬಿನ ಕೆಳಗಿಂದ ಎತ್ಕೊಂಡು ಕೊಟ್ಟಿದಾಳೆ. ಕೊಲೆ ಮಾಡಿದ್ದು ಯಾರು ಅಂತ ತಿಳಿಯೋಕೆ ನನಗಿನ್ನೂ ಹತ್ತು ಪುಟ ಬಾಕಿ. ಪೇಪರಲ್ಲಿ ಸುತ್ತಿ ಕೊಡಿ, ಕ್ರಿಕೆಟ್ ಪುಟ ಮೇಲೆ ಬರೋ ಹಾಗೆ.